ಬಂದವರ ಮುಂದಿನ ಬೆನ್ನು

ಬೈಲಹೊಂಗಲದ ಬಜಾರಿನಲ್ಲಿ ಬಳೆ ಅಂಗಡಿ ಇಟ್ಟಿರುವ ಮುದುಕನಿಗೆ ಶೈಲಶ್ರೀಯ ಬಗ್ಗೆ ಬಹಳ ದಿನಗಳಿಂದ ಒಂದು ಅನುಮಾನವಿತ್ತು. ಈ ಹೆಣ್ಣುಮಗಳು ತಿಂಗಳಿಗೆ ಹತ್ತು ಹನ್ನೆರಡು ಪಾಕೀಟು ಟಿಕಳಿ ಒಯ್ಯುತ್ತಾಳೆ. ಹಣೆ ನೋಡಿದರೆ ಒಂದೇ ಒಂದು, ಅದೂ ಸಾಸಿವೆ ಕಾಳಿನಷ್ಟು. ಉಳಿದವು ಎಲ್ಲಿಗೆ ಹೋಗುತ್ತವೆ? ಕಡೆಗೊಂದು ದಿನ ಕೇಳಿಯೇಬಿಟ್ಟ. "ಎಲುವಿಗೆ ಹಚ್ಚತೇನ್ರಿ ಅಜ್ಜಾರ" ಎಂದಳು ಅವಳು. ಮುದುಕ ಮುಂದೆ ಕೇಳುವ ಧೈರ್ಯ ಮಾಡಲಿಲ್ಲ.

ಹೇಳಿದ್ದು ನಿಜವೇ. ಗಾಲಿಕುರ್ಚಿಯಲ್ಲಿ ಇರುವವರು ಹೇಗೆ ಕೂರುತ್ತಾರೆ ಎಂದು ಅಳೆದು, ಅವರ ಮೈಗೆ ತಕ್ಕ ಗಾದಿ, ಆಸರೆ ಮಾಡಿಸಿಕೊಡುವುದು ಶೈಲಶ್ರೀಯ ಕೆಲಸ. ಎರಡು ಹೆಗಲಿನ ತುದಿ, ಸೊಂಟದ ಎರಡು ಎಲುಬು, ಎರಡು ಮೊಣಕಾಲು. ಬೆರಳಿನಿಂದ ಒತ್ತಿ ಎಲುಬು ಎಲ್ಲಿದೆಯೆಂದು ಹುಡುಕಿ, ಬಟ್ಟೆಯ ಮೇಲೆಯೇ ಒಂದೊಂದು ಟಿಕಳಿ ಅಂಟಿಸುತ್ತಾಳೆ. ಪಕ್ಕದಲ್ಲಿ ಗೌಂಡಿಗಳು ಗೋಡೆಗೆ ಹಿಡಿಯುವಂಥ ತೂಗುಗುಂಡನ್ನು ಇಳಿಬಿಡುತ್ತಾಳೆ. ಮುಂದಿನಿಂದ ಒಂದು ಫೋಟೊ, ಬದಿಯಿಂದ ಒಂದು. ಆಮೇಲೆ ಕಂಪ್ಯೂಟರಿನಲ್ಲಿ ಟಿಕಳಿಯಿಂದ ಟಿಕಳಿಗೆ ಗೆರೆ ಎಳೆದರೆ ಮನುಷ್ಯ ಯಾವ ಕಡೆಗೆ ಎಷ್ಟು ವಾಲಿದ್ದಾನೆ ಎಂಬುದು ಡಿಗ್ರಿ ಲೆಕ್ಕದಲ್ಲಿ ಬಂದುಬಿಡುತ್ತದೆ.

ನಮಗೆ ನಿಮಗೆ ಇದು ಹುಚ್ಚಾಟ ಅನ್ನಿಸೀತು. ಒಂದು ಕಡೆ ಜೋಮು ಹಿಡಿದರೆ ಇನ್ನೊಂದು ಕಡೆ ಹೊರಳಿ ಕೂರುವ ಪುಣ್ಯವಂತರು ನಾವು. ಸೊಂಟದಿಂದ ಕೆಳಗೆ ಅರಿವೇ ಇಲ್ಲದವರಿಗೆ ಆ ಪುಣ್ಯವಿಲ್ಲ. ಮೈಭಾರವೆಲ್ಲ ಒಂದೇ ಎಲುಬಿನ ಮೇಲೆ ಬಿದ್ದರೂ ಅವರಿಗೆ ತಿಳಿಯುವುದಿಲ್ಲ. ಒಳಗೊಳಗೆ ಚರ್ಮ ಸತ್ತು ಹುಣ್ಣಾಗುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರಲ್ಲ, ಈ ಹುಣ್ಣಿಗೆ ಕನ್ನಡಿಯೂ ಬೇಕು, ಕನ್ನಡಿ ಹಿಡಿಯಲು ಇನ್ನೊಬ್ಬರೂ ಬೇಕು.

ಶೈಲಶ್ರೀ ದೊಡವಾಡದವಳು. ತಾಯಿ ಅನ್ನಪೂರ್ಣಾ ಊರಿಗೆಲ್ಲ ಜಂಪರ ಹೊಲಿಯುತ್ತಿದ್ದಳು, ಅದೂ ಬರೀ ಕಣ್ಣಳತೆಯಲ್ಲಿ. ಟೇಪು ಹಿಡಿದರೆ ಅವಳಿಗೆ ಅವಮಾನ. ಪರಿಣಾಮವಾಗಿ ದೊಡವಾಡದ ಅರ್ಧ ಹೆಂಗಸರು ಕೈ ಮೇಲೆತ್ತಲಾರದೆ ಹಬ್ಬ ಮಾಡುತ್ತಿದ್ದರು. ಮಗಳಿಗೆ ಟೇಪಿನ ಮೇಲೆ ಭಕ್ತಿ ಹುಟ್ಟಿದ್ದು ಅಲ್ಲಿಂದ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದಳು, ಇಡೀ ತರಗತಿಗೆ ಒಬ್ಬಳೇ ಹುಡುಗಿ. ಏಳು ವರ್ಷದಿಂದ ಬೈಲಹೊಂಗಲದ ಅಂಚಿನಲ್ಲಿರುವ ಒಂದು ಸಣ್ಣ ಸಂಸ್ಥೆಯ ತಗಡಿನ ಶೆಡ್ಡಿನಲ್ಲಿ ಕೆಲಸ. ಗಂಡ ಅರ್ಜುನ, ಎಂ.ಕೆ. ಹುಬ್ಬಳ್ಳಿ ಎಂಬ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಹತ್ತಿರ ಕೂರುತ್ತಾನೆ. ಗಂಡಹೆಂಡತಿ ಇಬ್ಬರದೂ ತೂಕದ ಕೆಲಸ, ಮಾತೊಂದೇ ತೂಕವಿಲ್ಲದ್ದು ಎಂದು ಅತ್ತೆ ಚೇಷ್ಟೆ ಮಾಡುತ್ತಾಳೆ.

ಏಳು ವರ್ಷದಲ್ಲಿ ಶೈಲಶ್ರೀಗೆ ಒಂದು ಹೆಮ್ಮೆ ಬೆಳೆದಿತ್ತು. ಅಂಕಿ ಸುಳ್ಳು ಹೇಳುವುದಿಲ್ಲ. ಜನ ಸುಳ್ಳು ಹೇಳಬಹುದು, ಡಾಕ್ಟರು ಮರೆಯಬಹುದು, ಅಂಕಿ ಇದ್ದದ್ದು ಇದ್ದಂತೆ. ಆ ಹೆಮ್ಮೆಯನ್ನು ಹಿಟ್ಟು ಮಾಡಿದವಳು ಮುನವಳ್ಳಿಯ ಗುರುಬಸವ್ವ.

ಗುರುಬಸವ್ವನಿಗೆ ಐವತ್ತೆಂಟು ವರ್ಷ. ಎಂಟು ವರ್ಷದ ಹಿಂದೆ ಮೇವಿನ ಬಣವೆಯ ಮೇಲಿಂದ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಕಾಲೆರಡೂ ಹೋದವು. ಗಂಡ ಅದಕ್ಕೂ ಆರು ವರ್ಷ ಮೊದಲೇ ತೀರಿಕೊಂಡಿದ್ದ. ಅವನು ಬಿಟ್ಟುಹೋದ ಹಿಟ್ಟಿನ ಗಿರಣಿ ಮನೆಗೆ ಅಂಟಿಕೊಂಡ ಕೋಣೆಯಲ್ಲಿದೆ. ಮಗ ಹೊಲ ನೋಡುತ್ತಾನೆ, ಗಿರಣಿ ಗುರುಬಸವ್ವನದು. ಸೊಸೆ ಭಾಗ್ಯಾ ಕೈಜೋಡಿಸುತ್ತಾಳೆ. ಮುನವಳ್ಳಿಯಲ್ಲಿ ಗಿರಣಿಗಳಿಗೇನು ಬರವಿಲ್ಲ, ಆದರೂ ರೊಟ್ಟಿಯ ಹಿಟ್ಟು ಬೇಕಾದವರು ಎರಡು ಓಣಿ ದಾಟಿ ಇಲ್ಲಿಗೇ ಬರುತ್ತಾರೆ. ಜೋಳದ ಹಿಟ್ಟು ಒಂದು ಕೂದಲು ದಪ್ಪವಾದರೂ ರೊಟ್ಟಿ ಸೀಳುತ್ತದೆ. ಆ ಕೂದಲು ಗುರುಬಸವ್ವನಿಗೆ ತಿಳಿಯುತ್ತದೆ ಎಂಬುದು ಊರಿನ ನಂಬಿಕೆ.

ಮೊದಲ ಸಲ ಶೈಲಶ್ರೀ ಹೋದಾಗ ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿತ್ತು. ಗಿರಣಿಯ ಬಾಗಿಲು ಮುಚ್ಚಿತ್ತು. ಗುರುಬಸವ್ವ ತಲೆಗೆ ಎರೆದುಕೊಂಡು, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿಯ ಗೆರೆ ಮುರಿಯದ ಇಳಕಲ್ ಸೀರೆಯುಟ್ಟು ಪಡಸಾಲೆಯ ನಡುವೆ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಕುರ್ಚಿಯನ್ನೂ ಒರೆಸಿ ಹೊಳೆಯುವಂತೆ ಮಾಡಿದ್ದರು.

"ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ. ಮೊದಲ ನೀರು ಕುಡೀರಿ."

ಶೈಲಶ್ರೀ ಎಲ್ಲ ಕೇಳಿ ಬರೆದುಕೊಂಡಳು. ಎರಡು ವರ್ಷದ ಹಿಂದೆ ಬಲಗಡೆ ಕೂರುವ ಎಲುಬಿನ ಮೇಲೆ ಹುಣ್ಣಾಗಿತ್ತು. ಅದು ಮಾಯುವ ತನಕ ಏಳು ತಿಂಗಳು ಬೋರಲು ಮಲಗಿಸಿದ್ದರು. ಗಿರಣಿ ಏಳು ತಿಂಗಳು ಬಂದ್. ಈಗ ಅದೇ ಜಾಗ ಮತ್ತೆ ಕೆಂಪಾಗತೊಡಗಿದೆ. ಇನ್ನೊಮ್ಮೆ ಬಾಯಿ ಬಿಟ್ಟರೆ ಕೊಯ್ಯಬೇಕಾಗುತ್ತದೆ, ಆಮೇಲೆ ದಿನವಿಡೀ ಕೂರುವ ಕೆಲಸ ಮರೆತುಬಿಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

"ಏಳು ತಿಂಗಳು ನೆಲಾ ನೋಡಕೋತ ಮಲಗಿದ್ನಿ ಅಕ್ಕಾರ" ಎಂದಳು ಗುರುಬಸವ್ವ. "ಮನಿಗೆ ಬಂದವರ ಕಾಲಷ್ಟ ಕಾಣತಿದ್ದವು. ಮಾರಿ ಯಾರದೂ ಕಾಣಲಿಲ್ಲ. ಸಾಯೂದಕ್ಕ ಅಂಜಿಕಿ ಇಲ್ರಿ ನನಗ, ಅದಕ್ಕ ಅಂಜತೇನಿ."

ಶೈಲಶ್ರೀ ಪೆನ್ನು ಕೆಳಗಿಟ್ಟಳು. ಬರೆದುಕೊಳ್ಳುವಂಥ ಮಾತಲ್ಲ ಅದು. ಈ ಹೆಂಗಸನ್ನು ಮತ್ತೆ ಬೋರಲು ಮಲಗಗೊಡುವುದಿಲ್ಲ ಎಂದು ಒಳಗೇ ಹಟ ಹಿಡಿದಳು.

ಚೀಲದಿಂದ ಟಿಕಳಿ ಪಾಕೀಟು ತೆಗೆದಾಗ ಮಾತ್ರ ಅವಳ ಕೈ ತಡೆಯಿತು. ಎದುರಿಗಿರುವವಳು ಗಂಡನನ್ನು ಕಳೆದುಕೊಂಡವಳು. ಕೆಂಪು ಟಿಕಳಿಯ ಪಾಕೀಟು ಹಿಡಿದು ನಿಂತ ತನಗಾದರೂ ಬುದ್ಧಿ ಬೇಡವೇ? ಬಿಳಿ ಪಟ್ಟಿ ಕತ್ತರಿಸಲು ಹೋದವಳನ್ನು ಗುರುಬಸವ್ವ ತಡೆದಳು.

"ಏನ ಅದು, ಟಿಕಳಿ ಏನು? ಹಚ್ರಿ. ಹಣಿಗೆ ಬ್ಯಾಡ ಅಂದಾರ ಮಂದಿ, ಮೊಣಕಾಲಿಗೆ ಬ್ಯಾಡ ಅಂದಿಲ್ಲ."

ಭಾಗ್ಯಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗುರುಬಸವ್ವ ನಗಲಿಲ್ಲ, ತನ್ನ ಮೈಮೇಲೆ ಒಂದೊಂದೇ ಟಿಕಳಿ ಏರುವುದನ್ನು ತಲೆ ಬಗ್ಗಿಸಿ ಮಕ್ಕಳ ಹಾಗೆ ನೋಡುತ್ತಿದ್ದಳು. ಎಲ್ಲ ಮುಗಿದು ಕಿತ್ತು ತೆಗೆಯುವಾಗ ಶೈಲಶ್ರೀಗೆ ಯಾಕೋ ಕಸಿವಿಸಿಯಾಯಿತು.

ಅಂಕಿಗಳು ಬಂದವು. ಹೆಗಲು ಸಮ, ಸೊಂಟ ಸಮ, ಬೆನ್ನು ತೂಗುಗುಂಡಿನ ದಾರಕ್ಕೆ ಸಮ. ಎಂಟು ವರ್ಷ ಕುರ್ಚಿಯಲ್ಲಿ ಕಳೆದವರು ಇಷ್ಟು ನೆಟ್ಟಗೆ ಕೂತದ್ದನ್ನು ಅವಳು ಕಂಡಿರಲಿಲ್ಲ. ಗಿರಣಿಯಲ್ಲಿ ಹೇಗೆ ಕೂರುತ್ತೀರಿ ಎಂದು ಕೇಳಿದಳು. "ಹಿಂಗ ಕುಂತಿರತೇನ್ರಿ, ನೋಡಾಕ ಹತ್ತೀರಲ್ಲ" ಎಂದಳು ಗುರುಬಸವ್ವ. ಶೈಲಶ್ರೀ ಅದನ್ನೂ ಬರೆದುಕೊಂಡಳು. ಅಳೆದು ಸುರಿದು ಗಾದಿ ಮಾಡಿಸಿದಳು, ಎಡಕ್ಕೂ ಬಲಕ್ಕೂ ಒಂದೇ ಸಮ, ನೆಟ್ಟಗೆ ಕೂರುವವರಿಗೆ ಹೇಳಿಮಾಡಿಸಿದಂಥದ್ದು.

ಎರಡು ತಿಂಗಳಿಗೆ ಭಾಗ್ಯಾಳ ಫೋನು. "ಕೆಂಪು ಕಡಿಮಿ ಆಗಿಲ್ರಿ. ಹೆಚ್ಚಾಗೈತಿ."

ಎರಡನೆಯ ಸಲ ಶೈಲಶ್ರೀ ಒತ್ತಡ ಅಳೆಯುವ ಚಾಪೆಯನ್ನೇ ಹೊತ್ತುಕೊಂಡು ಹೋದಳು. ಅದು ಬೆಳಗಾವಿಯಿಂದ ತಿಂಗಳಿಗೊಮ್ಮೆ ಎರವಲು ಬರುವ ವಸ್ತು. ತೆಳ್ಳಗಿನ ಬಟ್ಟೆಯ ಹಾಗಿರುತ್ತದೆ, ಅದರ ಮೇಲೆ ಕೂತರೆ ಎಲ್ಲಿ ಎಷ್ಟು ಭಾರ ಬಿದ್ದಿದೆ ಎಂಬುದು ಲ್ಯಾಪ್‌ಟಾಪಿನಲ್ಲಿ ಬಣ್ಣವಾಗಿ ಮೂಡುತ್ತದೆ. ಕಡಿಮೆ ಇದ್ದಲ್ಲಿ ನೀಲಿ, ಹೆಚ್ಚಿದ್ದಲ್ಲಿ ಕೆಂಪು. ಆ ದಿನವೂ ಗಿರಣಿಯ ಬಾಗಿಲು ಮುಚ್ಚಿತ್ತು, ಸೀರೆ ಹೊಸದಿತ್ತು. ಪರದೆಯ ಮೇಲೆ ಎರಡೂ ಕಡೆ ಒಂದೇ ತೆರನಾದ ಹಸಿರು. ಎಲ್ಲೂ ತಪ್ಪಿಲ್ಲ. ಬೈಲಹೊಂಗಲಕ್ಕೆ ಮರಳಿ, ಬಲಗಡೆ ಇನ್ನಷ್ಟು ಮೆತ್ತಗೆ ಮಾಡಿ ಎರಡನೆಯ ಗಾದಿ ಕಳಿಸಿದಳು. ಅದೂ ಹಿಡಿಯಲಿಲ್ಲ. ಫೋನಿನಲ್ಲಿ ಭಾಗ್ಯಾ ಕಳಿಸಿದ ಫೋಟೊದಲ್ಲಿ ಕೆಂಪಿನ ನಡುವೆ ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡಿತ್ತು. ಚರ್ಮ ಬಾಯಿ ಬಿಡುವ ಮೊದಲು ಹಾಗೆಯೇ ಆಗುತ್ತದೆ.

ಶೈಲಶ್ರೀಗೆ ಊಟ ಸೇರದಾಯಿತು. ಅರ್ಜುನ ಸಮಾಧಾನ ಹೇಳಲು ಹೋಗಿ ಬೈಸಿಕೊಂಡ.

ಮೂರನೆಯ ಸಲ ಹೋದದ್ದು ಏಪ್ರಿಲ್ ತಿಂಗಳ ಕಡೆಯ ವಾರ. ಆಧಾರ್ ಕಾರ್ಡು ತೋರಿಸಿ ಬಸ್ಸಿನಲ್ಲಿ ಕೂತರೆ ಸೀಟು ಕಾದ ಹಂಚಾಗಿತ್ತು. ಮುನವಳ್ಳಿ ಮುಟ್ಟಿದಾಗ ಹನ್ನೊಂದು ದಾಟಿತ್ತು. ಗಿರಣಿಯ ಕಟ್ಟೆಯ ಮೇಲೆ ಐದಾರು ಜೋಳದ ಡಬ್ಬಿಗಳು ಸಾಲಾಗಿ ಕಾದಿದ್ದವು, ಬಾಗಿಲು ಮುಚ್ಚಿತ್ತು. ಪಡಸಾಲೆಯಲ್ಲಿ ಗುರುಬಸವ್ವ ಇಸ್ತ್ರಿ ಸೀರೆಯಲ್ಲಿ ನೆಟ್ಟಗೆ ಕೂತಿದ್ದಳು. ಶೈಲಶ್ರೀ ಮತ್ತೆ ಟಿಕಳಿ ಹಚ್ಚಿದಳು, ಮತ್ತೆ ದಾರ ಇಳಿಬಿಟ್ಟಳು. ಒಂದು ಡಿಗ್ರಿ ಕೂಡ ಆಚೀಚೆ ಇಲ್ಲ. ಅಂಕಿ ಎಲ್ಲ ಸರಿ, ಹುಣ್ಣೂ ನಿಜ. ಎರಡರಲ್ಲಿ ಯಾವುದನ್ನು ನಂಬಬೇಕು?

ನಾಲ್ಕರ ಬಸ್ಸಿನ ತನಕ ಮಾಡುವುದೇನೂ ಇರಲಿಲ್ಲ. ಭಾಗ್ಯಾ ಬಿಸಿ ರೊಟ್ಟಿ, ಮುಳಗಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. ಒಲ್ಲೆ ಎಂದಷ್ಟೂ ರೊಟ್ಟಿ ಬಿದ್ದವು. ಆಮೇಲೆ ಒಳಗಿನ ಕೋಣೆಯಲ್ಲಿ ಕೌದಿ ಹಾಸಿ, "ಈಟ ಅಡ್ಡಾಗ್ರಿ, ಎಬ್ಬಸತೇನಿ" ಎಂದಳು. ಐದು ನಿಮಿಷ ಎಂದುಕೊಂಡು ತಲೆಯಿಟ್ಟ ಶೈಲಶ್ರೀ ಸತ್ತಂತೆ ನಿದ್ದೆ ಹೋದಳು.

ಎಚ್ಚರವಾದದ್ದು ನೆಲ ನಡುಗುವ ಸದ್ದಿಗೆ. ಗಿರಣಿ ನಡೆದಿತ್ತು.

ಎದ್ದು ಹಿಂದಿನ ಸಣ್ಣ ಬಾಗಿಲಿನ ಹತ್ತಿರ ಹೋದಳು. ಅದು ಅರ್ಧ ತೆರೆದಿತ್ತು. ಒಳಗೆ ನೋಡಿದಳು. ಗುರುಬಸವ್ವ ಬಲಕ್ಕೆ, ಪೂರಾ ಬಲಕ್ಕೆ ಬಾಗಿದ್ದಳು. ಹಿಟ್ಟು ಬೀಳುವ ಬಟ್ಟೆಯ ತೋಳು ಕೆಳಗೆ ಮೊಣಕಾಲಿನ ಮಟ್ಟದಲ್ಲಿತ್ತು. ಅದರ ಬಾಯಿಗೆ ಬಲಗೈ ಒಡ್ಡಿ, ಬಿಸಿ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ತಿಕ್ಕಿ ನೋಡುತ್ತಿದ್ದಳು. ಹೆಗಲು ಇಳಿದಿತ್ತು, ಸೊಂಟ ಎಡಗಡೆ ಎದ್ದಿತ್ತು, ಮೈಭಾರವೆಲ್ಲ ಬಲಗಡೆಯ ಆ ಒಂದು ಎಲುಬಿನ ಮೇಲೆ. ನಡುನಡುವೆ ಎಡಗೈಯಿಂದ ಕಲ್ಲು ಬಿಗಿ ಮಾಡುವ ಚಕ್ರವನ್ನು ತುಸು ತಿರುವುತ್ತಿದ್ದಳು, ಮತ್ತೆ ಬಾಗುತ್ತಿದ್ದಳು. ಕೂದಲು, ಹುಬ್ಬು, ಸೆರಗು ಎಲ್ಲ ಬೆಳ್ಳಗೆ. ಮತ್ತು ಮುಖ! ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ಶೈಲಶ್ರೀ ಪಡಸಾಲೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಆಗ ತಿಳಿಯಿತು ಅವಳಿಗೆ. ಅವಳು ಅತಿಥಿ. ಅತಿಥಿ ಬಂದಾಗ ಗಿರಣಿ ಬಂದ್, ಬೆನ್ನು ನೆಟ್ಟಗೆ. ಅತಿಥಿ ಮಲಗಿದ ಮೇಲಷ್ಟೇ ಈ ಮನೆಯಲ್ಲಿ ಬದುಕು ಶುರು. ಮೂರು ಸಲ ಟೇಪು ಹಿಡಿದು ಅಳೆದದ್ದು ಬಂದವರಿಗಾಗಿ ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತ ಇನ್ಯಾವುದೋ ಹೆಂಗಸನ್ನು. ದಿನಕ್ಕೆ ಆರು ತಾಸು ಹೀಗೆ ಬಾಗುವ ಈ ಗುರುಬಸವ್ವನಿಗೆ ಅವಳು ಒಂದು ಟಿಕಳಿಯನ್ನೂ ಹಚ್ಚಿರಲಿಲ್ಲ.

ಕೈ ತಾನಾಗಿಯೇ ಫೋನಿಗೆ ಹೋಯಿತು. ಒಂದು ಫೋಟೊ ಸಾಕು. ಯಾರಿಗೂ ತಿಳಿಯುವುದಿಲ್ಲ, ಗಾದಿಯೂ ಸರಿಯಾಗುತ್ತದೆ. ಫೋನು ಎತ್ತಿದಳು, ಇಳಿಸಿದಳು. ಒಬ್ಬರು ಎಂಟು ವರ್ಷ ಮುಚ್ಚಿಟ್ಟುಕೊಂಡದ್ದನ್ನು ಕದ್ದು ಒಯ್ಯಲು ಮನಸ್ಸು ಒಪ್ಪಲಿಲ್ಲ. ಬಾಗಿಲು ಸರಿಸಿ ಕೆಮ್ಮಿದಳು.

ಗುರುಬಸವ್ವ ಕ್ಷಣದಲ್ಲಿ ನೆಟ್ಟಗಾದಳು. ಗಿರಣಿ ನಿಂತಿತು.

"ಎಚ್ಚರಾತೇನ್ರಿ? ಸದ್ದು ಮಾಡಿದ್ವಿ. ಮಂದಿ ಹೊತ್ತಿಗೆ ರೊಟ್ಟಿ ಮಾಡಬೇಕಲ್ರಿ, ಅದಕ್ಕ..."

"ಅವ್ವಾರ, ನಿಲ್ಲಸಬ್ಯಾಡ್ರಿ. ನೀವು ಮೊದಲ ಹ್ಯಾಂಗ ಕುಂತಿದ್ರಿ ಹಂಗ ಕುಂಡ್ರಿ. ನಾ ಅದನ್ನ ಅಳೀಬೇಕು."

"ಈಗ ಕುಂತೇನಲ್ಲ."

"ಇದಲ್ರಿ. ಬಾಗಿ ಕುಂತಿದ್ರಲ್ಲ, ಅದು."

ಗುರುಬಸವ್ವನ ಮುಖ ಬಾಗಿಲು ಹಾಕಿಕೊಂಡಂತೆ ಆಯಿತು. ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡಳು.

"ದವಾಖಾನಿಂದ ಮನಿಗೆ ಬಂದಾಗ ಊರ ಮಂದಿ ನೋಡಾಕ ಬಂದ್ರು. 'ಗುರುಬಸವ್ವ ಮುಗದ್ಳು, ಮುದ್ದಿ ಆಗಿ ಕುಂತಾಳ' ಅಂತ ಹೊರಗ ನಿಂತು ಅಂದ್ರು, ನನಗ ಕೇಳಿಸ್ತು. ಆವತ್ತ ಗಟ್ಟಿ ಮಾಡಿದ್ನಿ. ಕಾಲು ದೇವರು ಒಯ್ದ, ಬೆನ್ನು ನಂದ ಐತಿ. ನಮ್ಮ ಹಣಮಂತಪ್ಪ ಭಾವಾರು ವಾರಕ್ಕೊಮ್ಮಿ ಜೋಳ ತರತಾರ. ನಮ್ಮ ಮನಿಯವರ ಅಣ್ಣ, ನನಗ ಮಾವನ ಸಮಾನ. ಅವರು ಬಂದ್ರ ಒಂದು ತಾಸಾದ್ರೂ ನೆಟ್ಟಗ ಕುಂತ ಬೀಸಿ ಕೊಡತೇನಿ, ಹಿಟ್ಟು ಭಾಗ್ಯಾ ನೋಡತಾಳ. ನೀವು ಫೋಟೊ ಹೊಡಕೊಂಡು ಹೋಗತೀರಿ. ನಾಳಿ ಅದನ್ನ ನಾಕು ಮಂದಿ ನೋಡತಾರ."

"ಅವ್ವಾರ" ಎಂದಳು ಶೈಲಶ್ರೀ. "ನಾ ಇಷ್ಟ ದಿನ ನಿಮ್ಮನ್ನ ಅಳದ ಇಲ್ರಿ. ನಿಮ್ಮ ಮರ್ಯಾದಿ ಅಳದೇನಿ. ಅದು ನೆಟ್ಟಗ ಐತಿ, ಅದಕ್ಕೇನು ಹುಣ್ಣಾಗಿಲ್ಲ. ಹುಣ್ಣಾಗಿದ್ದು ಈ ಬಾಗೂ ಮೈಗೆ. ಅದನ್ನ ನನಗ ತೋರಸಲಿಲ್ಲಂದ್ರ ನೂರು ಗಾದಿ ಮಾಡಿದ್ರೂ ಅಷ್ಟ."

"ನಾಕರ ಬಸ್ಸು ಹೊರಡೂ ಹೊತ್ತಾತು ಅಕ್ಕಾರ" ಎಂದಳು ಗುರುಬಸವ್ವ, ಗೋಡೆಯ ಕಡೆ ನೋಡುತ್ತ.

ಶೈಲಶ್ರೀ ಬಸ್ಸು ಹತ್ತಿದಳು. ಸವದತ್ತಿ ದಾಟುವ ತನಕ ಕಿಟಕಿಯ ಕಡೆ ಮುಖ ಮಾಡಿಯೇ ಇದ್ದಳು. ಹಾಗೆ ಹೇಳಬಾರದಿತ್ತು, ವಯಸ್ಸಾದವರಿಗೆ ಹಾಗೆ ಹೇಳಬಾರದಿತ್ತು. ಅದಕ್ಕಿಂತ ಹೆಚ್ಚಾಗಿ ಆ ಕಪ್ಪು ಚುಕ್ಕೆ ಕಣ್ಣ ಮುಂದೆ ಬರುತ್ತಿತ್ತು.

ಐದು ದಿನ ಸುದ್ದಿಯಿಲ್ಲ. ಆರನೆಯ ದಿನ ಬೆಳಿಗ್ಗೆ ಬಂದ ಫೋನು ಭಾಗ್ಯಾಳದಲ್ಲ.

"ನಾನು, ಗುರುಬಸವ್ವ. ನಿನ್ನೆ ಸೊಸಿ ಫೋನಿನಾಗ ಅದರ ಫೋಟೊ ತೋರಿಸಿದ್ಳು. ಇಷ್ಟ ದಿನ ನಾ ನೋಡಿರಲಿಲ್ಲ, ಬ್ಯಾಡ ಅಂತಿದ್ನಿ." ಆ ಕಡೆ ಡಬ್ಬಿಯ ಮುಚ್ಚಳ ಸದ್ದಾಯಿತು. "ಮಂಗಳವಾರ ಬರ್ರಿ. ಗಿರಣಿ ಬಂದ್ ಮಾಡಾಂಗಿಲ್ಲ."

ಮಂಗಳವಾರ ರಂಗೋಲಿ ಇತ್ತು, ಇಸ್ತ್ರಿ ಸೀರೆ ಇರಲಿಲ್ಲ. ಗಿರಣಿಯ ಮುಂಬಾಗಿಲನ್ನು ಭಾಗ್ಯಾ ಎಂದಿನಂತೆ ಅರ್ಧ ಮುಚ್ಚಿ, ಡಬ್ಬಿ ತಂದವರನ್ನು ಕಟ್ಟೆಯ ಮೇಲೆಯೇ ಕೂರಿಸಿದ್ದಳು. ಶೈಲಶ್ರೀ ಗುರುಬಸವ್ವನ ಕೆಳಗೆ ಒತ್ತಡದ ಚಾಪೆ ಹಾಸಿ, ಹೆಗಲಿಗೆ ಸೊಂಟಕ್ಕೆ ಟಿಕಳಿ ಹಚ್ಚಿ, ಲ್ಯಾಪ್‌ಟಾಪನ್ನು ಗೋಧಿ ಚೀಲದ ಮೇಲಿಟ್ಟಳು. ಭಾಗ್ಯಾ ಜೋಳ ಸುರಿದಳು. ಕಲ್ಲು ತಿರುಗಿತು. ಗುರುಬಸವ್ವ ಮೊದಲ ಡಬ್ಬಿ ಮುಗಿಯುವ ತನಕ ಕೋಲು ನುಂಗಿದವಳಂತೆ ಕೂತಿದ್ದಳು. ಎರಡನೆಯ ಡಬ್ಬಿಯಲ್ಲಿ ಹಿಟ್ಟು ತುಸು ದಪ್ಪ ಬಂತು. ಸದ್ದಿನಲ್ಲೇ ಅದು ಗುರುಬಸವ್ವನಿಗೆ ತಿಳಿಯಿತು. ತಡೆಯಲಾಗಲಿಲ್ಲ. ಬಾಗಿದಳು.

ಪರದೆಯ ಬಲಗಡೆ ಹಸಿರು ಹಳದಿಯಾಯಿತು, ಹಳದಿ ಕೆಂಪಾಯಿತು, ಕೆಂಪು ಅಲ್ಲಿಯೇ ನಿಂತಿತು. ಎಡಗಡೆ ಪೂರ್ತಿ ನೀಲಿ.

"ಅದೇನು ಬಣ್ಣ?" ಕೇಳಿದಳು ಗುರುಬಸವ್ವ, ಹಿಟ್ಟಿನಿಂದ ಕೈ ತೆಗೆಯದೆ.

"ಅದು ನೀವ ರೀ."

"ನಾನ? ಓಕುಳಿ ಆಡಿ ಬಂದಂಗ ಕಾಣತೇನಲ್ಲ." ಆಮೇಲೆ ಕೆಂಪನ್ನು ದಿಟ್ಟಿಸಿ ನೋಡಿದಳು. ಬೇಕೆಂದೇ ತುಸು ಮೇಲೆದ್ದಳು, ಕೆಂಪು ಕುಗ್ಗಿತು. ಮತ್ತೆ ಬಾಗಿದಳು, ಹಿಗ್ಗಿತು. ಎದ್ದಳು, ಬಾಗಿದಳು, ಎಡಕ್ಕೆ ಹೊರಳಿದಳು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಎಂಟು ವರ್ಷ ಆತು, ಕೆಳಗಿನ ಮೈ ನನಗೇನೂ ಹೇಳಿಲ್ಲ. ಸತ್ತ ಹೋಗೈತಿ ಅಂತ ತಿಳಿದಿದ್ನಿ. ಇಲ್ಲಿ ನೋಡು, ಹೇಳಾಕ ಹತ್ತೈತಿ."

ಭಾಗ್ಯಾ ಅತ್ತೆಯ ಹೆಗಲ ಮೇಲೆ ಕೈಯಿಟ್ಟಳು. ಶೈಲಶ್ರೀ ಅಂಕಿಗಳನ್ನು ಬರೆದುಕೊಳ್ಳಬೇಕಿತ್ತು. ಅಕ್ಷರ ಮಂಜಾಗಿ ಕಾಣುತ್ತಿದ್ದುದರಿಂದ ಮೊದಲು ಮೂಗು ಒರೆಸಿಕೊಂಡಳು.

ಮೂರನೆಯ ಗಾದಿ ಬೇರೆಯೇ ಆಯಿತು. ಬಲಗಡೆಯ ಎಲುಬಿನ ಕೆಳಗೆ ಬಟ್ಟಲಿನಷ್ಟು ತಗ್ಗು, ಭಾರವನ್ನು ತೊಡೆ ಹೊರುವಂತೆ ಮುಂದೆ ಗಟ್ಟಿ. ಬಾಗಿದಾಗ ಮೊಣಕೈ ಊರಲು ಕುರ್ಚಿಯ ಬಲಗೈಗೆ ಅಗಲವಾದ ಮೆತ್ತೆ. ಗಿರಣಿಗೂ ಸ್ವಲ್ಪ ಉಪಚಾರವಾಯಿತು: ತಗಡಿನ ಒಂದು ನಾಲಿಗೆ ಮಾಡಿಸಿ ಹಿಟ್ಟು ಬೀಳುವ ಜಾಗವನ್ನು ಒಂದು ಗೇಣು ಮೇಲಕ್ಕೆ, ಮುಂದಕ್ಕೆ ತಂದರು. ಕುರ್ಚಿ ಆ ಕಡೆ ತಿರುವಿ ಎಡಗೈಯಿಂದ ಹಿಟ್ಟು ನೋಡಿದರೆ ಇನ್ನೂ ಚೆನ್ನ ಎಂದು ಶೈಲಶ್ರೀ ಸೂಚಿಸಿದಳು. ಗುರುಬಸವ್ವ ಒಂದು ದಿನ ಮಾಡಿ ನೋಡಿ, "ಎಡಗೈಗೆ ಅಷ್ಟು ಬುದ್ಧಿ ಇಲ್ಲವ್ವ" ಎಂದು ಕೈಬಿಟ್ಟಳು. ಬದಲಿಗೆ ಒಂದು ನೇಮ ಒಪ್ಪಿಕೊಂಡಳು: ಪ್ರತಿ ಡಬ್ಬಿ ಮುಗಿದ ಮೇಲೆ, ಭಾಗ್ಯಾ ಮುಂದಿನದು ಸುರಿಯುವ ಮೊದಲು, ಎರಡೂ ಕೈ ಊರಿ ಮೈಯನ್ನು ಎತ್ತಿ ಇಪ್ಪತ್ತು ಎಣಿಸುವುದು.

ಆರು ವಾರ ಕಳೆದು ಶೈಲಶ್ರೀ ಹೋದಾಗ ಗಿರಣಿಯ ಸದ್ದು ಓಣಿಯ ತಿರುವಿಗೇ ಕೇಳಿಸಿತು. ಮುಂಬಾಗಿಲು ಪೂರಾ ತೆರೆದಿತ್ತು. ಗುರುಬಸವ್ವ ಮೊಣಕೈ ಊರಿ ಬಲಕ್ಕೆ ವಾಲಿಕೊಂಡೇ ತಲೆ ಎತ್ತಿದಳು.

"ಬಾ ಯವ್ವಾ. ಆ ಚೀಲದ ಮ್ಯಾಲ ಕುಂಡ್ರು. ಇನ್ನೆರಡು ಡಬ್ಬಿ ಅದಾವು, ಮುಗಿಸಿ ಮಾತಾಡೂಣು."

ಭಾಗ್ಯಾ ಫೋನು ತಂದು ಪಕ್ಕದಲ್ಲಿ ಕೂತಳು. ದಿನಕ್ಕೊಂದರಂತೆ ಫೋಟೊಗಳು. ಕಪ್ಪು ಚುಕ್ಕೆ ಸಣ್ಣದಾಗುತ್ತ ಹೋಗಿ ಕಾಣದಾಗಿತ್ತು, ಕೆಂಪು ತಿಳಿಯಾಗಿತ್ತು, ಕೊನೆಯ ಹತ್ತರಲ್ಲಿ ಬರೀ ಚರ್ಮ, ಎಲ್ಲರ ಮೈಮೇಲೆ ಇರುವಂಥ ಚರ್ಮ. ಇದಕ್ಕಿಂತ ಚೆಂದದ ಫೋಟೊ ಜಗತ್ತಿನಲ್ಲಿ ಯಾರಾದರೂ ತೆಗೆದಿದ್ದರೆ ಶೈಲಶ್ರೀಗೆ ಅದು ಗೊತ್ತಿಲ್ಲ. ಎರಡೆರಡು ಸಲ ನೋಡಿದಳು. ಡಾಕ್ಟರಿಗೂ ತೋರಿಸಿ ಬಂದೆವು, ಹೀಗೆಯೇ ಕೂತು ಕೆಲಸ ಮಾಡಲಿ ಅಂದರು ಎಂದು ಭಾಗ್ಯಾ ಹೇಳಿದಳು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಬಿಳಿ ಧೋತರ, ತಲೆಗೆ ರುಮಾಲು, ಕೈಯಲ್ಲಿ ಜೋಳದ ಡಬ್ಬಿ. ಎಪ್ಪತ್ತು ದಾಟಿದ ಎತ್ತರದ ಮನುಷ್ಯ. ಭಾಗ್ಯಾ ತಟಕ್ಕನೆ ಎದ್ದು ನಿಂತದ್ದನ್ನು ನೋಡಿ ಇವರೇ ಹಣಮಂತಪ್ಪ ಎಂದು ಶೈಲಶ್ರೀಗೆ ಗೊತ್ತಾಯಿತು. ಅವಳ ಕಣ್ಣು ಗುರುಬಸವ್ವನ ಬೆನ್ನಿಗೆ ಹೋಯಿತು.

ಗುರುಬಸವ್ವನ ಎಡಗೈ ಸೆರಗನ್ನು ತಲೆಯ ಮೇಲಿಂದ ಮುಂದಕ್ಕೆ ಎಳೆಯಿತು. ಬೆನ್ನು ಏಳತೊಡಗಿತು, ಒಂದು ಬೆರಳು, ಎರಡು ಬೆರಳು. ಅಲ್ಲಿಯೇ ನಿಂತಿತು. ಆಮೇಲೆ ನಿಧಾನವಾಗಿ ಇಳಿದು, ಮೊಣಕೈ ಮತ್ತೆ ಮೆತ್ತೆಯ ಮೇಲೆ ಕೂತಿತು.

"ಬರ್ರಿ ಭಾವಾರ" ಎಂದಳು, ಬಾಗಿದಲ್ಲಿಂದಲೇ. "ನಿಮ್ಮ ಹಿಟ್ಟು ಇವತ್ತ ನಾನ ನೋಡತೇನಿ."

ಹಣಮಂತಪ್ಪ ಡಬ್ಬಿ ಇಳಿಸಿ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಗೋಡೆಯ ಬದಿಯ ಬಾಕಿನ ಮೇಲೆ ಹೋಗಿ ಕೂತರು, ತಮ್ಮನ ಹೆಂಡತಿಯ ಮುಂದೆ ಹಿರಿಯರು ಕೂರುವ ಹಾಗೆ, ಎರಡೂ ಕೈ ಮೊಣಕಾಲ ಮೇಲೆ, ಎದೆ ಸೆಟೆಸಿ. ಜೋಳ ಮೇಲೆ ಬಿತ್ತು, ಕಲ್ಲು ತಿರುಗಿತು, ಬಿಸಿ ಹಿಟ್ಟಿನ ವಾಸನೆ ಕೋಣೆ ತುಂಬಿತು. ಅರ್ಧ ಡಬ್ಬಿ ಮುಗಿದಿರಬೇಕು. ಮುದುಕರು ಮೆಲ್ಲಗೆ ಹಿಂದಕ್ಕೆ ಸರಿದರು, ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು ಬೆನ್ನನ್ನು ಗೋಡೆಗೆ ಆನಿಸಿದರು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು.

ಗುರುಬಸವ್ವ ಸೆರಗಿನ ಅಂಚಿನಿಂದ ಅದನ್ನು ನೋಡಿದಳು. ನೋಡಿಯೂ ನೋಡದವಳ ಹಾಗೆ ಮತ್ತೆ ಹಿಟ್ಟಿಗೆ ಬೆರಳು ಹಚ್ಚಿದಳು.